ದಿನಾ ಪ್ಯಾನ್-ಡಿ ನುಂಗುತ್ತೀರಾ? ಆಸಿಡ್ ಮಾತ್ರೆಗಳಲ್ಲಿ ಯಾವುದು ಯಾರಿಗೆ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 48 ವರ್ಷ. ದಾವಣಗೆರೆಯ ಮಂಡಿಪೇಟೆ ಹತ್ತಿರ ಕಿರಾಣಿ ಅಂಗಡಿ ಇದೆ. 3 ವರ್ಷದಿಂದ ಎದೆಯುರಿ, ಹುಳಿತೇಗು. ಮೊದಮೊದಲು ರಾಂಟ್ಯಾಕ್ ತಗೋತಿದ್ದೆ. ಆಮೇಲೆ ಮೆಡಿಕಲ್ ಶಾಪಿನವರು ಪ್ಯಾನ್-ಡಿ ಕೊಟ್ಟರು. ಈಗ ದಿನಾ ಬೆಳಿಗ್ಗೆ ತಿಂಡಿ ಆದಮೇಲೆ ಒಂದು ತಗೋತೀನಿ. ಬಿಟ್ಟರೆ 2 ದಿನಕ್ಕೇ ಉರಿ ಡಬಲ್ ಆಗುತ್ತೆ. ನಮ್ಮ ಭಾವಮೈದ ಇದರಿಂದ ಕಿಡ್ನಿ ಹೋಗುತ್ತೆ ಅಂತ ಹೆದರಿಸ್ತಾನೆ. ಇನ್ನೊಬ್ಬರು ಒಮೆಜ್ ಒಳ್ಳೇದು ಅಂತಾರೆ, ಮತ್ತೊಬ್ಬರು ರಾಜೋ ಸ್ಟ್ರಾಂಗ್ ಅಂತಾರೆ. ವೊನೊಪ್ರಜಾನ್ ಅಂತ ಹೊಸದು ಬಂದಿದೆಯಂತೆ. ಯಾವುದು ಸ್ಟ್ರಾಂಗ್, ಯಾವುದು ಸೇಫ್? ಇನ್ನೊಂದು ಮಾತು. ಅಪ್ಪಾಜಿಗೆ 72 ವರ್ಷ, 7 ತಿಂಗಳ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ, ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ತಗೋತಾರೆ. ಹೊಟ್ಟೆ ಉರಿದಾಗ ನನ್ನ ಸ್ಟ್ರಿಪ್ಪಿನಿಂದಲೇ ಒಂದು ತಗೊಂಡುಬಿಡ್ತಾರೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ಕೊನೆಯಲ್ಲಿ ಕೇಳಿದ್ದನ್ನೇ ಮೊದಲು ಹೇಳಿಬಿಡುತ್ತೇನೆ. ತೊಂದರೆ ಇದೆ. ಅಪ್ಪಾಜಿ ಇವತ್ತಿನಿಂದ ನಿಮ್ಮ ಸ್ಟ್ರಿಪ್ಪಿಗೆ ಕೈ ಹಾಕುವುದು ಬೇಡ.

ಆ ಸ್ಟ್ರಿಪ್ಪನ್ನು ತಿರುಗಿಸಿ ಹಿಂಭಾಗ ಓದಿ. ಸಣ್ಣ ಅಕ್ಷರದಲ್ಲಿ ಎರಡು ಔಷಧಿಗಳ ಹೆಸರಿರುತ್ತದೆ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಡೊಂಪೆರಿಡೋನ್ 30 ಮಿಲಿಗ್ರಾಂ. ಆಸಿಡ್ ತಗ್ಗಿಸುವುದು ಮೊದಲನೆಯದು ಮಾತ್ರ. 'ಡಿ' ಅಂದರೆ ಡೊಂಪೆರಿಡೋನ್. ಅದು ವಾಕರಿಕೆ, ವಾಂತಿಗೆ ಕೊಡುವ ಔಷಧಿ. ಹೊಟ್ಟೆಯಲ್ಲಿರುವುದನ್ನು ಸ್ವಲ್ಪ ಬೇಗ ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ಆದರೆ ಕೆಲವರಲ್ಲಿ ಅದು ಹೃದಯ ಬಡಿತದ ಲಯವನ್ನು ಕೆಡಿಸುತ್ತದೆ. 60 ದಾಟಿದವರಲ್ಲಿ, ದಿನಕ್ಕೆ 30 ಮಿಲಿಗ್ರಾಂಗಿಂತ ಹೆಚ್ಚು ತಗೊಳ್ಳುವವರಲ್ಲಿ, ಮೊದಲೇ ಹೃದಯದ ಕಾಯಿಲೆ ಇರುವವರಲ್ಲಿ ಈ ಅಪಾಯ ಜಾಸ್ತಿ. 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ಇದನ್ನು ವಾಕರಿಕೆ ವಾಂತಿಗೆ ಮಾತ್ರ ಕೊಡಿ, ಸಾಮಾನ್ಯವಾಗಿ ಒಂದು ವಾರ ಮೀರದಿರಲಿ ಎಂದು ಹೇಳಿತು. ನಮ್ಮಲ್ಲಿ ಅದನ್ನೇ ಎದೆಯುರಿಗೆ ವರ್ಷಗಟ್ಟಲೆ ನುಂಗುತ್ತಾರೆ. ನನಗೆ ಇದು ಒಂಚೂರೂ ಸರಿ ಕಾಣುವುದಿಲ್ಲ.

ಹಾಗಂತ ಅಪ್ಪಾಜಿಗೆ ಆಸಿಡ್ ಮಾತ್ರೆಯೇ ಬೇಡ ಅಂತಲ್ಲ. ಅವರಿಗೆ ಬೇಕು. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಆ ವಯಸ್ಸಿನಲ್ಲಿ ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಭಯ ಇದ್ದೇ ಇದೆ. ಅದಕ್ಕೇ ಇಂಥವರಿಗೆ ಉರಿ ಇರಲಿ ಬಿಡಲಿ, ದಿನಾ ಒಂದು ಆಸಿಡ್ ಮಾತ್ರೆ ಕೊಡುವುದು ವಾಡಿಕೆ. ಉರಿ ಬಂದ ದಿನ ಮಾತ್ರ ತಗೊಂಡರೆ ಆ ರಕ್ಷಣೆ ಸಿಗುವುದಿಲ್ಲ. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಕ್ಲೊಪಿಡೊಗ್ರೆಲ್ ನುಂಗಿದ ತಕ್ಷಣ ಕೆಲಸ ಮಾಡುವ ಔಷಧಿಯಲ್ಲ. ಯಕೃತ್ತಿನಲ್ಲಿ ಒಂದು ಕಿಣ್ವ ಅದನ್ನು ಬದಲಾಯಿಸಿದ ಮೇಲೆಯೇ ಅದಕ್ಕೆ ಶಕ್ತಿ ಬರುವುದು. ಒಮೆಪ್ರಜೋಲ್ (ಒಮೆಜ್) ಮತ್ತು ಎಸೊಮೆಪ್ರಜೋಲ್ (ನೆಕ್ಸ್‌ಪ್ರೋ) ಅದೇ ಕಿಣ್ವಕ್ಕೆ ಅಡ್ಡ ಬರುತ್ತವೆ. ಹಾಗಾಗಿ ಕ್ಲೊಪಿಡೊಗ್ರೆಲ್ ತಗೊಳ್ಳುವವರಿಗೆ ಅವೆರಡು ಬೇಡ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಪ್ಯಾಂಟೊಪ್ರಜೋಲ್ ಅಷ್ಟು ಅಡ್ಡ ಬರುವುದಿಲ್ಲ. ಆದ್ದರಿಂದ ಅಪ್ಪಾಜಿಯ ಹೃದಯದ ಡಾಕ್ಟರ ಹತ್ತಿರ ಚೀಟಿ ತಗೊಂಡು ಹೋಗಿ, 'ಡಿ ಇಲ್ಲದ ಪ್ಯಾಂಟೊಪ್ರಜೋಲ್ ದಿನಾ ಕೊಡಬಹುದಾ' ಅಂತ ಕೇಳಿ. ಚೀಟಿಯಲ್ಲಿ ಈಗಾಗಲೇ ಬರೆದಿದ್ದು, ಯಾರೂ ತಂದುಕೊಡದೇ ಇರುವ ಸಾಧ್ಯತೆಯೂ ಇದೆ. ಅದನ್ನೂ ನೋಡಿ.

ನಿಮ್ಮ ಮನೆಯ ತಮಾಷೆ ನೋಡಿ. ಮಾತ್ರೆ ನಿಜವಾಗಿ ಬೇಕಾದವರು ಮಗನ ಹತ್ತಿರ ಕೈಗಡ ತಗೊಂಡು ನುಂಗುತ್ತಿದ್ದಾರೆ. ಬೇಕೋ ಬೇಡವೋ ತಿಳಿಯದ ಮಗ ದಿನಾ ನುಂಗುತ್ತಿದ್ದಾನೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಯಾವುದು ಸ್ಟ್ರಾಂಗ್ ಅಂತ ಕೇಳಿದಿರಿ. ಅದಕ್ಕೆ ಉತ್ತರ ಇದೆ, ಹೇಳುತ್ತೇನೆ. ಆದರೆ ನಿಮ್ಮ ಉರಿ ಹೋಗದಿರುವುದಕ್ಕೆ ಮಾತ್ರೆಯ ಹೆಸರು ಕಾರಣ ಅಂತ ನನಗೆ ಅನಿಸುವುದಿಲ್ಲ. ಎಷ್ಟು ಹೊತ್ತಿಗೆ ತಗೋತೀರಿ, ಎಷ್ಟು ದಿನ ತಗೋತೀರಿ ಅನ್ನುವುದರಲ್ಲೇ ಎಡವಟ್ಟಾಗಿದೆ.

ಹೊಟ್ಟೆಯ ಒಳಗೋಡೆಯಲ್ಲಿ ಆಸಿಡ್ ತಯಾರಿಸುವ ಜೀವಕೋಶಗಳಿವೆ. ಪ್ರತಿ ಕೋಶದಲ್ಲೂ ಆಸಿಡ್ಡನ್ನು ಹೊರಗೆ ದೂಡುವ ಪಂಪುಗಳಿವೆ. ಇದು ನಾನು ಕೊಟ್ಟ ಹೆಸರಲ್ಲ, ವೈದ್ಯಶಾಸ್ತ್ರದಲ್ಲೇ ಅದನ್ನು ಪ್ರೋಟಾನ್ ಪಂಪ್ ಅನ್ನುತ್ತಾರೆ. ಒಂದು ಬೋರ್‌ವೆಲ್ ಮೋಟಾರಿಗೆ ಮೂರು ಕಡೆಯಿಂದ ಸ್ವಿಚ್ ಕೊಟ್ಟ ಹಾಗೆ ಅಂದುಕೊಳ್ಳಿ. ಒಂದು ಸ್ವಿಚ್ ಹಿಸ್ಟಮಿನ್, ಇನ್ನೊಂದು ನರದಿಂದ ಬರುವ ಅಸಿಟೈಲ್‌ಕೋಲಿನ್, ಮೂರನೆಯದು ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನು. ಯಾವ ಸ್ವಿಚ್ ಹಾಕಿದರೂ ಓಡುವುದು ಅದೇ ಮೋಟಾರು. ಯಾವ ಔಷಧಿ ಎಲ್ಲಿ ಕೈ ಹಾಕುತ್ತದೆ ಅನ್ನುವುದರ ಮೇಲೆ ಅದರ ಬಲ ನಿಂತಿದೆ.

ಡೈಜೀನ್, ಜೆಲುಸಿಲ್, ಈನೋ ಇವು ಮೋಟಾರಿನ ತಂಟೆಗೇ ಹೋಗುವುದಿಲ್ಲ. ಆಗಲೇ ಹೊರಗೆ ಬಂದಿರುವ ಆಸಿಡ್ಡನ್ನು ಸಪ್ಪೆ ಮಾಡುತ್ತವೆ. ಕುಡಿದ ಕೆಲವೇ ನಿಮಿಷಕ್ಕೆ ಆರಾಮ. ಖಾಲಿ ಹೊಟ್ಟೆಯಲ್ಲಾದರೆ ಒಂದು ಗಂಟೆಯೊಳಗೇ ಮುಗಿದುಹೋಗುತ್ತದೆ, ಊಟವಾದ ಮೇಲೆ ಕುಡಿದರೆ ಇನ್ನೊಂದಿಷ್ಟು ಹೊತ್ತು ನಿಲ್ಲುತ್ತದೆ. ಅಪರೂಪಕ್ಕೆ ಉರಿ ಬರುವವರಿಗೆ ಇವೇ ಸಾಕು. ಡೈಜೀನ್, ಜೆಲುಸಿಲ್‌ಗಳಲ್ಲಿರುವ ಮೆಗ್ನೀಸಿಯಂ ಕೆಲವರಿಗೆ ಭೇದಿ ಮಾಡಿಸುತ್ತದೆ, ಅಲ್ಯೂಮಿನಿಯಂ ಮಲಬದ್ಧತೆ ತರುತ್ತದೆ. ಈನೋದಲ್ಲಿ ಸೋಡಿಯಂ ಜಾಸ್ತಿ. ಬಿಪಿ ಇರುವವರು, ಕಾಲು ಊದಿಕೊಳ್ಳುವವರು ದಿನಾ ಕುಡಿಯುವಂಥದ್ದಲ್ಲ.

ಮುಂದಿನದು ನಿಮ್ಮ ಹಳೆಯ ರಾಂಟ್ಯಾಕ್. ಅದರೊಳಗಿನ ಔಷಧಿ ರಾನಿಟಿಡಿನ್. ಅದು ಹಿಸ್ಟಮಿನ್ ಸ್ವಿಚ್ಚನ್ನು ಆಫ್ ಮಾಡುತ್ತದೆ. ಈ ಗುಂಪಿನ ಮೊದಲ ಮಾತ್ರೆ ಸಿಮೆಟಿಡಿನ್. 1976ರಲ್ಲಿ ಬ್ರಿಟನ್ನಿನಲ್ಲಿ ಬಂತು. ಅದರ ಹಿಂದೆ ಇದ್ದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಕೂಡ ಬಂತು. ಅಲ್ಲಿಯವರೆಗೆ ವಾಸಿಯಾಗದ ಹುಣ್ಣು ಅಂದರೆ ಆಪರೇಷನ್ನೇ ಗತಿ ಎಂಬಂತಿತ್ತು. ಈ ಮಾತ್ರೆಗಳು ಬಂದು ಅಂಥ ಆಪರೇಷನ್ನುಗಳು ಎಷ್ಟೋ ಕಡಿಮೆಯಾದವು. ಹಾಗಾಗಿ ಇವನ್ನು ಹಳೇ ಮಾಲು ಅಂತ ತಳ್ಳಿಹಾಕಬೇಡಿ. ನುಂಗಿ ಅರ್ಧ ಮುಕ್ಕಾಲು ಗಂಟೆಗೆ ಕೆಲಸ ಶುರು, 8ರಿಂದ 12 ಗಂಟೆ ಹಿಡಿತ. ರಾತ್ರಿ ಹೊತ್ತಿನ ಆಸಿಡ್ ಹೆಚ್ಚಾಗಿ ಹಿಸ್ಟಮಿನ್ನಿನಿಂದಲೇ ಬರುವುದರಿಂದ ರಾತ್ರಿ ಉರಿಗೆ ಒಳ್ಳೆಯದು. ಕೊರತೆ ಎರಡು. ಒಂದು ಸ್ವಿಚ್ ಆರಿಸಿದರೂ ಉಳಿದೆರಡು ಇದ್ದೇ ಇರುತ್ತವೆ. ಮತ್ತೆ, ದಿನಾ ತಗೊಂಡರೆ ಒಂದೆರಡು ವಾರದಲ್ಲಿ ದೇಹಕ್ಕೆ ಒಗ್ಗಿಹೋಗಿ ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ನಿಮಗೂ ಬಹುಶಃ ಹಾಗೇ ಆಗಿ 'ಇದು ಹತ್ತುತ್ತಿಲ್ಲ' ಅನಿಸಿರಬೇಕು.

ರಾನಿಟಿಡಿನ್ ಬಗ್ಗೆ ಬೇರೆ ಒಂದು ತಕರಾರೂ ಇದೆ. 2019ರಲ್ಲಿ ಅದರಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಸಿಕ್ಕಿತು. ಕ್ಯಾನ್ಸರ್ ತರಬಹುದಾದ ವಸ್ತು ಅದು. ಮಾತ್ರೆ ಹಳೆಯದಾದಂತೆ, ಬಿಸಿ ಜಾಗದಲ್ಲಿ ಇಟ್ಟಷ್ಟೂ ಅದು ಹೆಚ್ಚುತ್ತದೆ ಅಂತ ಗೊತ್ತಾಗಿ, 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಎಲ್ಲ ರಾನಿಟಿಡಿನ್ನನ್ನೂ ಮಾರುಕಟ್ಟೆಯಿಂದ ವಾಪಸ್ ತರಿಸಿದರು. ನಮ್ಮ ದೇಶದಲ್ಲಿ ನಿಷೇಧ ಆಗಲಿಲ್ಲ. ಆದರೆ 2022ರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟರು. ದಾವಣಗೆರೆ ಬೇಸಿಗೆಯಲ್ಲಿ ತಗಡಿನ ಶೀಟಿನ ಕೆಳಗೆ, ಬೈಕಿನ ಡಿಕ್ಕಿಯಲ್ಲಿ ಮಾತ್ರೆ ಇಟ್ಟುಕೊಂಡು ಓಡಾಡುವವರು ಇದನ್ನು ನೆನಪಿಡಬೇಕು. ನನ್ನ ಮಟ್ಟಿಗೆ, ಈ ಗುಂಪಿನ ಮಾತ್ರೆ ಬೇಕಾದಾಗ ಫ್ಯಾಮೊಟಿಡಿನ್ ಬರೆಯುತ್ತೇನೆ. ಕೆಲಸ ಅದೇ, ಈ ತಕರಾರಿಲ್ಲ. ಕಿಡ್ನಿ ದುರ್ಬಲವಾಗಿದ್ದವರಿಗೆ ಮಾತ್ರ ಡೋಸ್ ಇಳಿಸಬೇಕು.

ಇನ್ನು ಪ್ಯಾನ್, ಒಮೆಜ್, ರಾಜೋ, ನೆಕ್ಸ್‌ಪ್ರೋ. ಇವೆಲ್ಲ ಒಂದೇ ಗುಂಪು, ಪಿಪಿಐ (ಪ್ರೋಟಾನ್ ಪಂಪ್ ಇನ್‌ಹಿಬಿಟರ್). ಸ್ವಿಚ್ಚಿನ ಗೊಡವೆಗೆ ಹೋಗದೆ ಮೋಟಾರನ್ನೇ ಹಿಡಿದು ನಿಲ್ಲಿಸುವ ಮಾತ್ರೆಗಳು. ಮೊದಲನೆಯದಾದ ಒಮೆಪ್ರಜೋಲ್ 1988ರಲ್ಲಿ ಸ್ವೀಡನ್ನಿನಿಂದ ಬಂತು. ಇವು ಪಂಪಿಗೆ ಒಮ್ಮೆ ಅಂಟಿಕೊಂಡರೆ ಬಿಡುವುದೇ ಇಲ್ಲ. ಆ ಪಂಪು ಮುಗಿಯಿತು, ದೇಹ ಹೊಸ ಪಂಪು ಮಾಡಿಕೊಳ್ಳಬೇಕು. ಅದಕ್ಕೇ ದಿನಕ್ಕೊಂದು ಮಾತ್ರೆ ಸಾಕಾಗುವುದು.

ಆದರೆ ಇವಕ್ಕೆ ಒಂದು ಷರತ್ತಿದೆ. ಓಡುತ್ತಿರುವ ಪಂಪನ್ನು ಮಾತ್ರ ಹಿಡಿಯಬಲ್ಲವು. ಮಲಗಿರುವ ಪಂಪು ಇವುಗಳ ಕೈಗೆ ಸಿಗುವುದಿಲ್ಲ. ಪಂಪುಗಳು ಎಚ್ಚರವಾಗುವುದು ಊಟ ಹೊಟ್ಟೆಗೆ ಬಿದ್ದಾಗ. ರಾತ್ರಿಯೆಲ್ಲ ಉಪವಾಸ ಇದ್ದು ಬೆಳಿಗ್ಗೆ ತಿಂಡಿ ತಿಂದಾಗಂತೂ ದೊಡ್ಡ ಸಂಖ್ಯೆಯಲ್ಲಿ ಏಳುತ್ತವೆ. ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಕಾದಿರಬೇಕು. ಅದು ರಕ್ತಕ್ಕೆ ಸೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಸೇರಿದ ಮೇಲೂ ಬಹಳ ಹೊತ್ತು ಇರುವುದಿಲ್ಲ, ಒಂದೆರಡು ಗಂಟೆಗೆಲ್ಲ ಅರ್ಧಕ್ಕಿಳಿಯುತ್ತದೆ. ನೀವು 8 ಗಂಟೆಗೆ ಬೆಣ್ಣೆ ದೋಸೆ ತಿಂದು, ಕಾಫಿ ಕುಡಿದು, ಕೈ ತೊಳೆದು ಆಮೇಲೆ ಮಾತ್ರೆ ನುಂಗಿದರೆ, ಅದು ರಕ್ತಕ್ಕೆ ಬರುವಷ್ಟರಲ್ಲಿ ಪಂಪುಗಳ ಸುಗ್ಗಿ ಅರ್ಧ ಮುಗಿದಿರುತ್ತದೆ. ಇಷ್ಟು ದಿನ ದುಡ್ಡು ಪೂರ್ತಿ ಕೊಟ್ಟು ಕೆಲಸ ಅರ್ಧ ಮಾಡಿಸಿಕೊಂಡಿದ್ದೀರಿ.

ಎದ್ದ ತಕ್ಷಣ ನೀರಿನ ಜೊತೆ ನುಂಗಿಬಿಡಿ. 30ರಿಂದ 45 ನಿಮಿಷ ಬಿಟ್ಟು ತಿಂಡಿ ತಿನ್ನಿ. ತಿಂಡಿ ತಿನ್ನಲೇಬೇಕು. ಮಾತ್ರೆ ನುಂಗಿ ಬರೀ ಚಹಾದಲ್ಲಿ 11 ಗಂಟೆಯವರೆಗೆ ತಳ್ಳುವವರೂ ಇದ್ದಾರೆ, ಅವರಿಗೂ ಇದು ಸರಿಯಾಗಿ ಹತ್ತುವುದಿಲ್ಲ. ಮೊದಲ ದಿನವೇ ಪವಾಡ ಆಗಬೇಕು ಅಂತಲೂ ಕಾಯಬೇಡಿ. ಪೂರ್ತಿ ಹಿಡಿತಕ್ಕೆ ಬರಲು 3ರಿಂದ 5 ದಿನ ಬೇಕು. ಆಗಲೂ ಎಲ್ಲ ಪಂಪುಗಳೂ ನಿಲ್ಲುವುದಿಲ್ಲ. ಉರಿ ಬಂದಾಗ ಮಾತ್ರ ಒಂದು ಪ್ಯಾನ್ ಬಾಯಿಗೆ ಹಾಕಿಕೊಳ್ಳುವವರಿಗೆ ಆ ಕ್ಷಣಕ್ಕೆ ಡೈಜೀನೇ ವಾಸಿ.

ಹಾಗೇ ಇವನ್ನು ಅಗಿಯಬಾರದು, ಪುಡಿ ಮಾಡಬಾರದು. ಒಮೆಪ್ರಜೋಲ್ ಕ್ಯಾಪ್ಸೂಲನ್ನು ಬಿಚ್ಚಿದರೆ ಒಳಗೆ ಪುಟ್ಟ ಪುಟ್ಟ ಬಿಳಿ ಕಾಳುಗಳು ಉರುಳುತ್ತವೆ. ಒಂದೊಂದು ಕಾಳಿನ ಮೇಲೂ ತೆಳ್ಳನೆಯ ಲೇಪ ಇರುತ್ತದೆ. ಆಸಿಡ್ ತಡೆಯುವ ಈ ಔಷಧಿಯನ್ನು ಆಸಿಡ್ಡೇ ಹಾಳು ಮಾಡುತ್ತದೆ, ಅದಕ್ಕೆ ಈ ಕಾಪು. ಹೊಟ್ಟೆ ದಾಟಿ ಕರುಳಿಗೆ ಹೋದ ಮೇಲೆಯೇ ಲೇಪ ಕರಗುವುದು. ವಯಸ್ಸಾದವರಿಗೆ ನುಂಗಲು ಕಷ್ಟ ಅಂತ ಮಾತ್ರೆ ಕುಟ್ಟಿ ಕೊಟ್ಟರೆ ಔಷಧಿ ಹೊಟ್ಟೆಯಲ್ಲೇ ಹಾಳಾಗುತ್ತದೆ.

ಈಗ ಯಾವುದು ಸ್ಟ್ರಾಂಗ್ ಅನ್ನುವ ಮಾತು. 24 ಗಂಟೆ ಹೊಟ್ಟೆಯ ಆಸಿಡ್ ಅಳೆದು ಹೋಲಿಸಿದ ಲೆಕ್ಕ ಇದೆ. ಒಮೆಪ್ರಜೋಲ್ ಬಲವನ್ನು 1 ಅಂತ ಇಟ್ಟುಕೊಂಡರೆ, ಅಷ್ಟೇ ಮಿಲಿಗ್ರಾಂ ಪ್ಯಾಂಟೊಪ್ರಜೋಲಿನ ಬಲ 0.23. ಎಸೊಮೆಪ್ರಜೋಲ್ 1.6, ರಾಬೆಪ್ರಜೋಲ್ 1.8ರ ಆಸುಪಾಸು. ಅಂದರೆ ನಿಮ್ಮ ಪ್ಯಾನ್ 40 ಸುಮಾರು 9 ಮಿಲಿಗ್ರಾಂ ಒಮೆಪ್ರಜೋಲಿಗೆ ಸಮ. 20 ಮಿಲಿಗ್ರಾಂ ರಾಬೆಪ್ರಜೋಲ್, ಅಂದರೆ ಒಂದು ರಾಜೋ 20, ಸುಮಾರು 36 ಮಿಲಿಗ್ರಾಂ ಒಮೆಪ್ರಜೋಲಿಗೆ ಸಮ. 40 ಅಂತ ದೊಡ್ಡದಾಗಿ ಬರೆದಿದ್ದರೂ ಈ ಸಾಲಿನಲ್ಲಿ ಪ್ಯಾನ್ ಮೆತ್ತಗಿನದು. ರಾಜೋ ಸ್ಟ್ರಾಂಗ್ ಅಂದವರು ಸುಳ್ಳು ಹೇಳಿಲ್ಲ. ರಾಬೆಪ್ರಜೋಲಿಗೆ ಇನ್ನೊಂದು ಅನುಕೂಲವೂ ಇದೆ. ಆಗ ಹೇಳಿದ ಯಕೃತ್ತಿನ ಕಿಣ್ವ ಕೆಲವರಲ್ಲಿ ಬಹಳ ಚುರುಕು. ಅಂಥವರಲ್ಲಿ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಬೇಗ ಕರಗಿಹೋಗುತ್ತವೆ. ರಾಬೆಪ್ರಜೋಲ್ ಆ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ.

ಆದರೆ ಅಳತೆಯಲ್ಲಿ ಕಂಡ ಅಂತರ ರೋಗಿಯಲ್ಲಿ ಅಷ್ಟು ಕಾಣುವುದಿಲ್ಲ. ಸಾಮಾನ್ಯ ಎದೆಯುರಿಗೆ, ಸರಿಯಾದ ಡೋಸಿನಲ್ಲಿ ಸರಿಯಾದ ಹೊತ್ತಿಗೆ ತಗೊಂಡರೆ ಇವೆಲ್ಲ ಹೆಚ್ಚುಕಮ್ಮಿ ಒಂದೇ. ಅನ್ನನಾಳ ತೀರಾ ಕೆಟ್ಟು ಹುಣ್ಣಾಗಿದ್ದರೆ ಮಾತ್ರ ಬಲವಾದದ್ದರಿಂದ ಒಂಚೂರು ಲಾಭ. ನಿಮಗೆ ನಾನು ಮೊದಲು ಹೇಳುವುದು ಹೊತ್ತು ಬದಲಿಸಿ ಅಂತ, ಬ್ರ್ಯಾಂಡ್ ಬದಲಿಸಿ ಅಂತಲ್ಲ. ಹೊತ್ತು ಸರಿ ಮಾಡಿಯೂ ಆಗದಿದ್ದರೆ ಆಮೇಲೆ ರಾಬೆಪ್ರಜೋಲಿಗೆ ಬದಲಾಯಿಸಬಹುದು. ರಾಬೆಪ್ರಜೋಲಿನಲ್ಲೂ 'ಡಿ' ಇದೆ, 'ಎಲ್' ಕೂಡ ಇದೆ. 'ಎಲ್' ಅಂದರೆ ಲೆವೊಸಲ್ಪಿರೈಡ್. ವಯಸ್ಸಾದವರಲ್ಲಿ ಅದು ಕೈ ನಡುಕ, ನಡೆ ನಿಧಾನವಾಗುವುದು ಇಂಥದ್ದನ್ನೆಲ್ಲ ತರುತ್ತದೆ. ಮೆಡಿಕಲ್ ಶಾಪಿನಲ್ಲಿ ಹೆಸರಿನ ಕೊನೆಯ ಅಕ್ಷರವನ್ನೂ ಓದಿ ತಗೊಳ್ಳಿ.

ವೊನೊಪ್ರಜಾನ್ ಬೇರೆ ಜಾತಿ. ಅದು ಪಂಪಿಗೆ ಪೊಟ್ಯಾಸಿಯಂ ಸೇರುವ ಜಾಗದಲ್ಲೇ ಹೋಗಿ ಕೂರುತ್ತದೆ. ಪಂಪು ಓಡುತ್ತಿರಲಿ, ಮಲಗಿರಲಿ, ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ತಿಂಡಿಗೆ ಮುಂಚೆಯೋ ಆಮೇಲೆಯೋ ಅನ್ನುವ ತಲೆನೋವಿಲ್ಲ, ಮೊದಲ ದಿನದಿಂದಲೇ ಹೆಚ್ಚುಕಮ್ಮಿ ಪೂರ್ತಿ ಕೆಲಸ, ರಾತ್ರಿಯೂ ಹಿಡಿತ. ಜಪಾನಿನಲ್ಲಿ 2015ರಿಂದ ಬಳಕೆಯಲ್ಲಿದೆ, ಅಮೆರಿಕದಲ್ಲಿ ಆಸಿಡ್ಡಿನಿಂದಾದ ಅನ್ನನಾಳದ ಹುಣ್ಣಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು, ಈಗ ನಮ್ಮಲ್ಲೂ ಇದೆ. ಅನ್ನನಾಳದಲ್ಲಿ ಜೋರು ಹುಣ್ಣಿರುವವರಿಗೆ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೊಟ್ಟೆಯ ಬ್ಯಾಕ್ಟೀರಿಯಾ ಕೊಲ್ಲುವ ಚಿಕಿತ್ಸೆಗೆ ಇದು ನಿಜಕ್ಕೂ ಒಳ್ಳೆಯ ಅಸ್ತ್ರ. ಆದರೆ ಬೆಲೆ ಜಾಸ್ತಿ. ಪಿಪಿಐಗಳಿಗೆ ಮೂವತ್ತು ದಾಟಿದ ವರ್ಷಗಳ ಅನುಭವ ಇದೆ, ಇದಕ್ಕೆ ಅಷ್ಟಿಲ್ಲ. ಕೊಳವೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿಯನ್ನೇ ಮಾಡಿಸದ, ಹಳೆಯ ಮಾತ್ರೆಯನ್ನೇ ಸರಿಯಾಗಿ ತಗೊಳ್ಳದ ನಿಮಗೆ ಸದ್ಯಕ್ಕೆ ಇದು ಬೇಡ.

ಈಗ ಭಾವಮೈದನ ಕಿಡ್ನಿ ಮಾತು. ಅದು ಗಾಳಿಸುದ್ದಿಯಲ್ಲ. ಪಿಪಿಐಯಿಂದ ಅಪರೂಪಕ್ಕೆ ಕಿಡ್ನಿಯಲ್ಲಿ ಅಲರ್ಜಿಯಂಥ ಉರಿಯೂತ ಆಗುತ್ತದೆ, ಇದು ಖಚಿತ. ಆದರೆ ವರ್ಷಗಟ್ಟಲೆ ತಗೊಂಡವರಲ್ಲಿ ಕಿಡ್ನಿ ವೈಫಲ್ಯ, ಮರೆವು, ಮೂಳೆ ಮುರಿತ ಜಾಸ್ತಿ ಅಂತ ಪೇಪರಿನಲ್ಲಿ ಬರುವ ಸುದ್ದಿಗಳ ಹಿಂದೆ ಇರುವುದು ಹೆಚ್ಚಾಗಿ ದಾಖಲೆ ನೋಡಿ ಮಾಡಿದ ಅಧ್ಯಯನಗಳು. ದಿನಾ ಆಸಿಡ್ ಮಾತ್ರೆ ತಗೊಳ್ಳುವವರು ಸಾಮಾನ್ಯವಾಗಿ ವಯಸ್ಸಾದವರು, ಬೇರೆ ಕಾಯಿಲೆಯೂ ಇರುವವರು. ತಪ್ಪು ಮಾತ್ರೆಯದ್ದೋ ಆ ಕಾಯಿಲೆಗಳದ್ದೋ ಬಿಡಿಸುವುದು ಕಷ್ಟ. 2019ರಲ್ಲಿ ಪ್ರಕಟವಾದ ಕಂಪಾಸ್ ಅಧ್ಯಯನದಲ್ಲಿ ಹೃದಯ, ರಕ್ತನಾಳದ ಕಾಯಿಲೆ ಇದ್ದ 17,500ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪ್ಯಾಂಟೊಪ್ರಜೋಲ್ 40, ಇನ್ನೊಂದಕ್ಕೆ ಔಷಧಿಯಿಲ್ಲದ ಸುಳ್ಳು ಮಾತ್ರೆ ಕೊಟ್ಟು, ಸುಮಾರು 3 ವರ್ಷ ನೋಡಿದರು. ಕಿಡ್ನಿ ಕಾಯಿಲೆ, ಮೂಳೆ ಮುರಿತ, ಮರೆವು ಯಾವುದರಲ್ಲೂ ಎದ್ದು ಕಾಣುವ ಅಂತರ ಬರಲಿಲ್ಲ. ಕರುಳಿನ ಸೋಂಕು ಮಾತ್ರ ತುಸು ಜಾಸ್ತಿ ಇತ್ತು, ಸುಳ್ಳು ಮಾತ್ರೆಯವರಲ್ಲಿ ನೂರಕ್ಕೆ 1, ಪ್ಯಾಂಟೊಪ್ರಜೋಲಿನವರಲ್ಲಿ 1.4. ನಿಮ್ಮ ಅಪ್ಪಾಜಿಯಂಥವರಲ್ಲೇ ಮಾಡಿದ ಅಧ್ಯಯನ ಇದು. ಬೇಕಾದವರು ಹೆದರಿ ನಿಲ್ಲಿಸಬಾರದು.

ನಾನು ನಮ್ಮ ಕಡೆಯವರಲ್ಲಿ ನಿಜವಾಗಿ ಗಮನ ಇಡುವುದು ಬಿ-12 ಮೇಲೆ. ಊಟದಲ್ಲಿರುವ ಬಿ-12 ಬಿಡಿಸಿಕೊಳ್ಳಲು ಆಸಿಡ್ ಬೇಕು. ಇಲ್ಲಿ ಮಾಂಸ, ಮೊಟ್ಟೆ ಮುಟ್ಟದ ಮನೆಗಳು ಬಹಳ. ಅವರಿಗೆ ಬಿ-12 ಮೊದಲೇ ಕಮ್ಮಿ. ಅದರ ಮೇಲೆ ಶುಗರ್ ಇದ್ದು ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಅದೂ ಬಿ-12 ಇಳಿಸುತ್ತದೆ. ಮೂರೂ ಕೂಡಿದವರು ಪಾದ ಜೋಮು, ಉರಿ ಅಂತ ಬರುತ್ತಾರೆ, ಶುಗರ್‌ನಿಂದಲೇ ಅಂತ ಅಂದುಕೊಂಡಿರುತ್ತಾರೆ. 2 ವರ್ಷ ದಾಟಿ ಪಿಪಿಐ ತಗೊಂಡಿದ್ದರೆ ಬಿ-12 ಒಮ್ಮೆ ನೋಡಿಸಿ. ನೀವೂ ನೋಡಿಸಿ. ಬಿಪಿಗೆ ಮೂತ್ರ ಹೋಗುವ ಮಾತ್ರೆ ತಗೊಳ್ಳುವವರು ಮೆಗ್ನೀಸಿಯಂ ಕೂಡ ನೋಡಿಸಬೇಕು. ರಕ್ತ ಕಮ್ಮಿಯಾಗಿ ಕಬ್ಬಿಣದ ಮಾತ್ರೆ ನುಂಗುವ ಹೆಣ್ಣುಮಕ್ಕಳಿಗೆ, ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ ಪಿಪಿಐ ಜೊತೆಗಿದ್ದರೆ ಅವು ಸರಿಯಾಗಿ ಹೀರಿಕೊಳ್ಳದೇ ಹೋಗಬಹುದು. ಡಾಕ್ಟರಿಗೆ ತಿಳಿಸಿರಿ.

ಬಿಟ್ಟರೆ 2 ದಿನಕ್ಕೇ ಉರಿ ಡಬಲ್ ಅಂದಿರಲ್ಲ, ಅದನ್ನು ನೋಡಿ 'ನನಗೆ ಮಾತ್ರೆ ಜೀವನಪೂರ್ತಿ ಬೇಕು' ಅಂತ ತೀರ್ಮಾನ ಮಾಡಬೇಡಿ. ಆಸಿಡ್ ತಗ್ಗಿದಾಗ ದೇಹ ಗ್ಯಾಸ್ಟ್ರಿನ್ ಹೆಚ್ಚಿಸುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಮಾತ್ರೆಯನ್ನು ದಿಢೀರ್ ಅಂತ ಬಿಟ್ಟರೆ, ಆ ಗ್ಯಾಸ್ಟ್ರಿನ್ ಕಾರಣಕ್ಕೆ ಮೊದಲಿಗಿಂತ ಜಾಸ್ತಿ ಆಸಿಡ್ ಬರುತ್ತದೆ. ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ 8 ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿ ನೋಡಿದ್ದಾರೆ. ಅವರಲ್ಲೂ ಸುಮಾರು ಜನರಿಗೆ ಹೊಸದಾಗಿ ಎದೆಯುರಿ, ಹುಳಿತೇಗು ಶುರುವಾಯಿತು. ಇದು ಕೆಲವು ವಾರ ಇದ್ದು ಹೋಗುವಂಥದ್ದು. ಆ ವಾರಗಳನ್ನು ದಾಟಲಾರದೆ ಜನ ವಾಪಸ್ ಮಾತ್ರೆಗೆ ಬರುತ್ತಾರೆ.

ಹಾಗಾದರೆ ನೀವು ಮಾಡಬೇಕಾದ್ದು ಇಷ್ಟು. 'ಡಿ' ಬಿಡಿ. ಬರೀ ಪ್ಯಾಂಟೊಪ್ರಜೋಲ್ 40 ತಗೊಂಡು, ತಿಂಡಿಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ, 8 ವಾರ ತಪ್ಪದೆ ನುಂಗಿ. ಉರಿ ನಿಂತರೆ ಡೋಸ್ 20ಕ್ಕೆ ಇಳಿಸಿ ಒಂದೆರಡು ವಾರ, ಆಮೇಲೆ ದಿನ ಬಿಟ್ಟು ದಿನ ಒಂದೆರಡು ವಾರ, ಆಮೇಲೆ ನಿಲ್ಲಿಸಿ. ಈ ಮಧ್ಯೆ ಉರಿ ಬಂದರೆ ಡೈಜೀನ್ ಅಥವಾ ಗ್ಯಾವಿಸ್ಕಾನ್ ಥರದ ಸಿರಪ್ ಕುಡಿಯಿರಿ, ರಾತ್ರಿ ಕಾಟ ಇದ್ದರೆ ಒಂದು ಫ್ಯಾಮೊಟಿಡಿನ್. ಗ್ಯಾವಿಸ್ಕಾನಿನಲ್ಲಿ ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್ ಇರುತ್ತದೆ, ಹೊಟ್ಟೆಯಲ್ಲಿರುವುದರ ಮೇಲೆ ಪದರವಾಗಿ ತೇಲಿ ಮೇಲಕ್ಕೆ ಬರದಂತೆ ತಡೆಯುತ್ತದೆ. ಇಳಿಸುವುದೆಲ್ಲ ನಿಮ್ಮ ಡಾಕ್ಟರ ಗಮನದಲ್ಲೇ ಆಗಲಿ. 8 ವಾರ ಸರಿಯಾಗಿ ತಗೊಂಡೂ ಉರಿ ಹೋಗಲಿಲ್ಲ, ಅಥವಾ ಬಿಟ್ಟು ತಿಂಗಳಾದರೂ ಹಾಗೇ ಇದೆ ಅಂದರೆ ಎಂಡೋಸ್ಕೋಪಿ ಮಾಡಿಸಿ. ದೊಡ್ಡ ಆಸ್ಪತ್ರೆಗಳಲ್ಲಿ ದಾವಣಗೆರೆಯಲ್ಲೇ ಆಗುತ್ತದೆ, ಬೆಂಗಳೂರಿಗೆ ಓಡಬೇಕಿಲ್ಲ. ಅನ್ನನಾಳದಲ್ಲಿ ಜೋರು ಹುಣ್ಣೋ, ಒಳಪದರ ಬದಲಾದ ಬ್ಯಾರೆಟ್ಸ್ ಎಂಬ ಸ್ಥಿತಿಯೋ ಕಂಡರೆ ಆಗ ಮಾತ್ರೆ ದೀರ್ಘಕಾಲ ಬೇಕಾಗುತ್ತದೆ, ತಕರಾರಿಲ್ಲದೆ ತಗೊಳ್ಳಿ. ಪೈಲೋರಿಗೆ ಉಸಿರಿನ ಪರೀಕ್ಷೆ ಬರೆದರೆ, ಅದಕ್ಕೆ 2 ವಾರ ಮುಂಚೆ ಪಿಪಿಐ ನಿಲ್ಲಿಸಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ರಿಪೋರ್ಟ್ ಬರಬಹುದು.

ಊಟದ ಪಥ್ಯದ ಉದ್ದನೆಯ ಪಟ್ಟಿ ನಾನು ಕೊಡುವುದಿಲ್ಲ. ಸಂಜೆ ಮಂಡಕ್ಕಿ ಮಿರ್ಚಿ ತಿಂದಾಗ ನಿಮಗೆ ಉರಿ ಬರುತ್ತದೆ ಅಂತ ನಿಮಗೇ ಗೊತ್ತಿದ್ದರೆ ಬಿಡಿ, ಬರುವುದಿಲ್ಲ ಅಂದರೆ ತಿನ್ನಿ. ಬೆಣ್ಣೆ ದೋಸೆಯೂ ಅಷ್ಟೇ, ಬೆಣ್ಣೆ ಜಾಸ್ತಿಯಾದಷ್ಟೂ ಹೊಟ್ಟೆ ಖಾಲಿಯಾಗುವುದು ತಡವಾಗುತ್ತದೆ ಅನ್ನುವುದು ಗೊತ್ತಿರಲಿ. ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಅಂಗಡಿಯವರು ಸಾಮಾನ್ಯವಾಗಿ ರಾತ್ರಿ ಶಟರ್ ಎಳೆದು ಮನೆಗೆ ಹೋಗಿ, 10 ಗಂಟೆಗೆ ಹೊಟ್ಟೆ ತುಂಬ ಉಂಡು, ಹತ್ತೂವರೆಗೆ ಅಡ್ಡಾಗುತ್ತಾರೆ. ನಿಮ್ಮದೂ ಹೀಗೇ ಇದ್ದರೆ ಯಾವ ಮಾತ್ರೆಯೂ ಪೂರ್ತಿ ಗೆಲ್ಲುವುದಿಲ್ಲ. ಅಂಗಡಿಯಲ್ಲೇ 7 ಗಂಟೆಗೆ ಡಬ್ಬಿ ಊಟ ಮುಗಿಸಿ, ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು ಮಲಗಿ. ಊಟಕ್ಕೂ ಹಾಸಿಗೆಗೂ 3 ಗಂಟೆ ಅಂತರ ಇರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಆರೇಳು ಇಂಚು ಎತ್ತರಿಸಿ. ದಿಂಬು ಜಾಸ್ತಿ ಇಟ್ಟರೆ ಕತ್ತು ಮಾತ್ರ ಬಗ್ಗುತ್ತದೆ, ಪ್ರಯೋಜನವಿಲ್ಲ. ಎಡಮಗ್ಗುಲಾಗಿ ಮಲಗಿ. ಹೊಟ್ಟೆ ಬಂದಿದ್ದರೆ ಇಳಿಸಿ, ಇದರಷ್ಟು ಕೆಲಸ ಮಾಡುವುದು ಬೇರಿಲ್ಲ. ಬೀಡಿ, ಗುಟ್ಕಾ ಇದ್ದರೆ ಬಿಡಿ. ಸೊಂಟನೋವು, ಮಂಡಿನೋವು ಅಂತ ನೋವಿನ ಮಾತ್ರೆ ಆಗಾಗ ನುಂಗುತ್ತೀರಾ ಅನ್ನುವುದನ್ನು ನೀವು ಬರೆದಿಲ್ಲ. ನುಂಗುತ್ತಿದ್ದರೆ ಅದನ್ನು ಡಾಕ್ಟರಿಗೆ ಮೊದಲು ಹೇಳಿ.

ಕೆಲವು ಲಕ್ಷಣ ಕಂಡರೆ 8 ವಾರ ಕಾಯುವ ಮಾತೇ ಇಲ್ಲ. ನುಂಗಿದ್ದು ಸಿಕ್ಕಿಕೊಂಡಂತಾಗುವುದು, ಸುಮ್ನೆ ತೂಕ ಇಳಿಯುವುದು, ಮಲ ಡಾಂಬರಿನ ಬಣ್ಣಕ್ಕೆ ತಿರುಗುವುದು, ರಕ್ತ ವಾಂತಿ, ರಕ್ತಹೀನತೆ, ನಿಲ್ಲದ ವಾಂತಿ. ಇವುಗಳಲ್ಲಿ ಒಂದಿದ್ದರೂ ಈಗಲೇ ತೋರಿಸಿ. ಕಬ್ಬಿಣದ ಮಾತ್ರೆ ತಗೊಳ್ಳುವವರ ಮಲವೂ ಕಪ್ಪಾಗುತ್ತದೆ, ಅದನ್ನೂ ಹೇಳಿ. ಮತ್ತೆ, 48ರ ಗಂಡಸು, ತಂದೆಗೆ ಹೃದಯದ ಕಾಯಿಲೆ. ಮೆಟ್ಟಿಲು ಹತ್ತುವಾಗ, ಮೂಟೆ ಎತ್ತುವಾಗ ಎದೆ ಹಿಡಿದಂತಾಗಿ, ನಿಂತರೆ ಕಮ್ಮಿಯಾಗುತ್ತದೆ ಅಂದರೆ ಅದನ್ನು ಗ್ಯಾಸ್ ಅಂದುಕೊಳ್ಳಬೇಡಿ. ಬೆವರು, ದವಡೆ ಅಥವಾ ಎಡಗೈಗೆ ಹರಿಯುವ ನೋವು ಬಂದರೆ ಈನೋ ಕಲಸುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಕೊಳ್ಳುವಾಗ ಬ್ರ್ಯಾಂಡಿನ ಹೆಸರೇ ಹೇಳಬೇಕೆಂದಿಲ್ಲ. ಜನೌಷಧಿ ಕೇಂದ್ರದಲ್ಲಿ ಇದೇ ಪ್ಯಾಂಟೊಪ್ರಜೋಲ್ 40 ಬಹಳ ಕಮ್ಮಿ ಬೆಲೆಗೆ ಸಿಗುತ್ತದೆ. ನಿಮಗೊಂದು ಸ್ಟ್ರಿಪ್, ಡಾಕ್ಟರು ಒಪ್ಪಿದ ಮೇಲೆ ಅಪ್ಪಾಜಿಗೆ ಬೇರೆಯೇ ಸ್ಟ್ರಿಪ್ ತನ್ನಿ. ಅವರದ್ದನ್ನು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇಡುವ ಡಬ್ಬಿಯಲ್ಲೇ ಇಡಿ, ದಿನಾ ಅದೂ ನೆನಪಾಗುತ್ತದೆ.